ಊಟದ ಜೊತೆಗಿನ ಮಾತ್ರೆ

ಅಮ್ಮಾ,

ನೀನು ಉಳಿಸಿಹೋದ ಮಾತ್ರೆಗಳು ಯಾರಿಗಾದರೂ ಆಗಲಿ ಅಂತ ಇವತ್ತು ಡಯಾಲಿಸಿಸ್ ವಾರ್ಡಿಗೆ ಕೊಡಲು ಹೋಗಿದ್ದೆ. ನಿನ್ನನ್ನು ದೊಡ್ಡಮ್ಮ ಅನ್ನುತ್ತಿದ್ದ ನರ್ಸ್ ಡಬ್ಬಿ ತಿರುಗಿಸಿ ನೋಡಿದಳು.

"ದೊಡ್ಡಮ್ಮ ಇದನ್ನ ಊಟದ ಜೊತೆನೇ ತಗೋತಿದ್ರು ತಾನೇ? ರಕ್ತದಲ್ಲಿ ಫಾಸ್ಫೇಟ್ ಯಾಕೆ ಇಳೀತಿಲ್ಲ ಅಂತ ಡಾಕ್ಟ್ರು ತಲೆ ಕೆಡಿಸ್ಕೊಂಡಿದ್ರು."

"ಒಂದಿನಾನೂ ತಪ್ಪಿಸಿಲ್ಲ," ಅಂದೆ, ಹೆಮ್ಮೆಯಿಂದಲೇ. "ನಮಗೆಲ್ಲ ಬಡಿಸ್ತಾ ಬಡಿಸ್ತಾನೇ ನುಂಗೋಳು."

ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಆ ಮಾತ್ರೆ ಹಿಡಿದಿಡುವುದು ಹೊಟ್ಟೆಗೆ ಬಿದ್ದ ಊಟದಲ್ಲಿರುವ ಫಾಸ್ಫೇಟನ್ನಂತೆ. ಬರಿ ಹೊಟ್ಟೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಆಮೇಲೆ ತಿಂದದ್ದರ ಫಾಸ್ಫೇಟೆಲ್ಲ ರಕ್ತಕ್ಕೆ ಏರುತ್ತದೆ, ಮೂಳೆಯಿಂದ ಕ್ಯಾಲ್ಸಿಯಂ ಸೋರುತ್ತದೆ, ಮೈಯೆಲ್ಲ ತುರಿಕೆ ಹತ್ತುತ್ತದೆ. ನೀನು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುವಾಗ ನಾವು ನಗುತ್ತಿದ್ದೆವು. ನೀನೂ ನಗುತ್ತಿದ್ದೆ. ಆಮೇಲೊಮ್ಮೆ ಸುಮ್ಮನೆ ಮಗ್ಗುಲು ಬದಲಿಸಿದ್ದಕ್ಕೇ ನಿನ್ನ ಪಕ್ಕೆಲುಬು ಮುರಿಯಿತು.

"ನಿಮಗೆ ಬಡಿಸಿದ್ಮೇಲೆ ಅವರು ಎಷ್ಟೊತ್ತಿಗೆ ಊಟ ಮಾಡ್ತಿದ್ರು?" ಅಂತ ಕೇಳಿದಳು.

ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಬಿಗಿಯಾಗಿಯೇ ಇದ್ದ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡುತ್ತಾ ನಿಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೆವಲ್ಲಮ್ಮಾ, ನೀನು ಊಟಕ್ಕೆ ಕೂತದ್ದನ್ನು ನೋಡಿದ ನೆನಪೇ ನನಗಿಲ್ಲ.