ಸುಗಂಧಿಯಕ್ಕನ ಪರವಾನಗಿ

ಬ್ರಹ್ಮಾವರ
೧೨-೧೨-೨೦೦೯

ಪ್ರೀತಿಯ ಸುಗಂಧಿಯಕ್ಕನಿಗೆ ವನಜಳ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿ ಹತ್ತು ದಿನವಾಯಿತು. ಬೀಜಾಡಿಗೆ ಮರಳಿ ಬಾ, ಪ್ರಯೋಗಾಲಯ ನೋಡಿಕೋ ಎಂದು ಬರೆದಿದ್ದೀರಿ. ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ.

ನೆಲಗಡಲೆ ಬೀಜಕ್ಕೆ ಹಚ್ಚುವ ಜೀವಾಣು ಗೊಬ್ಬರವನ್ನು ನಾವಿಬ್ಬರೂ ನಿಮ್ಮ ಅಡುಗೆಮನೆಯಲ್ಲೇ ಶುರು ಮಾಡಿದ್ದೆವು. ಮೂರು ವರ್ಷದ ಹಿಂದೆ ಹೊಸ ನಿಯಮ ಬಂತು. ಪರವಾನಗಿ ಬೇಕು, ಪ್ಯಾಕೆಟಿನಲ್ಲಿ ಇಷ್ಟು ಜೀವಾಣು ಬದುಕಿರಲೇಬೇಕು, ಪರೀಕ್ಷೆ ಆಗಲೇಬೇಕು. ಇದು ದೊಡ್ಡ ಕಂಪನಿಗಳಿಗೆಂದೇ ಮಾಡಿದ ನಿಯಮ, ನಾವು ಬಾಗಿಲು ಹಾಕೋಣ ಎಂದೆ ನಾನು. "ಎಂತಕ್ ಹೆದ್ರುದ್ ಮರಾಯ್ತಿ? ನಮ್ಮ್ ಗೊಬ್ರದಲ್ ಜೀವ ಇತ್ತಾ ಇಲ್ಯಾ, ಕಾಂಬ" ಎಂದು ನೀವು ನಕ್ಕಿರಿ.

ಅಧಿಕಾರಿ ಬಂದು ಒಯ್ದ ಮಾದರಿಗಳಲ್ಲಿ ಜೀವಾಣುಗಳು ಅರ್ಧಕ್ಕರ್ಧ ಸತ್ತಿದ್ದವು. ನೀವು ಇದ್ದ ಮಾಲನ್ನೆಲ್ಲ ಹೂತುಬಿಟ್ಟಿರಿ. ನಾವುಂದದಿಂದ ಉಪ್ಪುಂದದವರೆಗೆ ಗದ್ದೆಗದ್ದೆಗೆ ನಡೆದು, "ನಮ್ಮ್ ಗೊಬ್ರ ಹಾಳಾಯಿತ್, ಹಾಕ್ಬೇಡಿ" ಎಂದು ನೀವೇ ಹೇಳಿ ಬಂದಿರಿ. ನಾನು ನಾಚಿಕೆಯಿಂದ ರಸ್ತೆಯಲ್ಲೇ ನಿಂತಿದ್ದೆ. ಮರುವಾರ ಏನೋ ನೆಪ ಹೇಳಿ ಬಿಟ್ಟುಬಂದು, ಗೊಬ್ಬರ ಕಂಪನಿಯೊಂದರ ಏಜೆನ್ಸಿ ಹಿಡಿದು ಇಲ್ಲಿ ಅಂಗಡಿ ಹಾಕಿದೆ.

ನಮ್ಮ ಹಾಗೆ ಗೊಬ್ಬರ ಮಾಡುತ್ತಿದ್ದ ಆರು ಮನೆಗಳಲ್ಲಿ ಮೂರು ನಿಲ್ಲಿಸಿದವು. ಉಳಿದ ಮೂರನ್ನು ಸೇರಿಸಿ ಒಂದು ಸಂಘ, ಒಂದು ಪ್ರಯೋಗಾಲಯ ಕಟ್ಟಿದವರು ನೀವು. ಒಂದು ಪರವಾನಗಿಗಾಗಿ ಎರಡು ವರ್ಷ ಕಚೇರಿ ಅಲೆದಿರಿ. ಪ್ಯಾಕೆಟಿನ ಮೇಲೆ ಮಾತ್ರ ನಿಮ್ಮ ಹೆಸರು ಬೇಡ ಎಂದಿರಂತೆ.

ಈ ಹಂಗಾಮಿಗೆ ಅದೇ ಪರೀಕ್ಷೆ ನನ್ನ ಅಂಗಡಿಗೂ ಬಂತು. ಸೆಕೆಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಕಂಪನಿ ಪ್ಯಾಕೆಟುಗಳು ಸೋತವು, ಅತ್ತ ನಿಮ್ಮ ಸಂಘದವು ಗೆದ್ದವು. ನಾವುಂದದ ರೈತ ಕುಷ್ಟ ನನ್ನಲ್ಲಿಗೇ ಬಂದು, "ಹ್ವಾಯ್, ಸುಗಂಧಿಯಕ್ಕನ್ ಪ್ಯಾಕೆಟ್ ಇತ್ತಾ?" ಎಂದು ಕೇಳಿದ. ಇಲ್ಲವೆಂದೆ. ವ್ಯಾಪಾರ ತಪ್ಪಿತೆಂಬ ಬೇಸರಕ್ಕಿಂತ ನಿಮ್ಮ ಮೇಲಿನ ಹೆಮ್ಮೆಯೇ ಹೆಚ್ಚಾಗಿತ್ತು.

ನಿಯಮದ ಬಗ್ಗೆ ನಾನಂದದ್ದು ಪೂರ್ತಿ ಸುಳ್ಳಲ್ಲ ಅಕ್ಕ. ನಿಲ್ಲಿಸಿದ ಆ ಮೂರು ಮನೆಯವರು ಮತ್ತೆ ಶುರು ಮಾಡಲಿಲ್ಲ. ಆದರೆ ನಿಮ್ಮಷ್ಟು ಧೈರ್ಯ ನನಗಿರಲಿಲ್ಲ, ಅದೂ ನಿಜ. ನಿಮ್ಮ ಕೈಕೆಳಗೆ ಕೆಲಸ ಮಾಡಲು ತುಂಬ ಆಸೆಯಿದೆ.

ಇತಿ ನಿಮ್ಮ
ವನಜ

ವಿ.ಸೂ.: ಅಂದು ಅಧಿಕಾರಿಯನ್ನು ನಿಮ್ಮ ಬಾಗಿಲಿಗೆ ಕರೆತಂದ ಹೆಸರಿಲ್ಲದ ದೂರು ಬರೆದವಳು ನಾನೇ. ಕಂಪನಿಯವರೊಂದಿಗೆ ಏಜೆನ್ಸಿಯ ಮಾತು ಅದಕ್ಕೂ ಮೊದಲೇ ಪಕ್ಕಾ ಆಗಿತ್ತು. ಇದನ್ನು ಓದಿದ ಮೇಲೂ ಕರೆಯುವುದಾದರೆ ಒಂದು ಸಾಲು ಬರೆಯಿರಿ, ಮರುದಿನವೇ ಬರುತ್ತೇನೆ.