ಲಾಡ್ಜಿನ ಕೊನೆಯ ಮೆಟ್ಟಿಲಲ್ಲಿ ನೀನು ಕೇಳುವ ಪ್ರಶ್ನೆ

ಅಕ್ಕಾ,

ಪುತ್ತೂರಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಟೀಚರು ಸತ್ತವರಿಗೆ ಕಾಗದ ಬರೆಯುವುದುಂಟಾ ಅಂತ ನೀನು ನಗಬಹುದು. ನಗು. ಆದರೆ ನೀನು ನಿಜಕ್ಕೂ ಹೋಗಿದ್ದೀಯಾ ಅಂತಲೇ ಈಗ ಇಲ್ಲಿ ಅನುಮಾನ ಶುರುವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮೊದಲ ಪಾಠ ನೆನಪುಂಟಾ? ಸುಬ್ರಹ್ಮಣ್ಯದ ಆ ಲಾಡ್ಜಿನ ಕೌಂಟರಿಗೆ ನೀನು ಕೆಲಸಕ್ಕೆ ಸೇರಿದ ಹೊಸತು. ಬೇರೆ ರಾಜ್ಯದ ಯಾತ್ರಿಗಳು ಎದುರು ಬಂದು ನಿಂತರೆ ನೀನು ಬೀಗದ ಕೈ ಹಿಡಿದುಕೊಂಡು ಸುಮ್ಮನೆ ನಗುತ್ತಿದ್ದೆ. ಪ್ರತಿ ಭಾನುವಾರ ಬಸ್ಸು ಹಿಡಿದು ಬಂದು, ಕೌಂಟರಿನ ಒಳಗೆ ಸ್ಟೂಲು ಹಾಕಿ ಕೂತು, ನಿನಗೆ ಪ್ರಶ್ನೆ ಕೇಳುವುದನ್ನು ಕಲಿಸಿದವಳು ನಾನು. ವಾಟ್, ವೇರ್, ವೆನ್, ಹೌ ಮೆನಿ. ಪ್ರಶ್ನೆಯ ಶಬ್ದ ಮೊದಲು, ಆಮೇಲೆ ವಿಲ್, ಆಮೇಲೆ ಯು ಅಂತ ನಾನು ಹೇಳಿದರೆ ನೀನು ನನ್ನನ್ನೇ ದಬಾಯಿಸಿದೆ. "ಅದೆಂತ ಸರೂ, ಕೇಳುವ ಅವಸರದಲ್ಲಿ ಎದುರು ನಿಂತ ಮನುಷ್ಯನನ್ನೇ ಹಿಂದೆ ತಳ್ಳುದಾ?"

"ವೇರ್ ಆರ್ ಯು ಗೋಯಿಂಗ್" ಪಾಠ ಬಂದ ದಿನ ನೀನು ನನ್ನ ಬಾಯಿಗೇ ಕೈ ಅಡ್ಡ ಹಿಡಿದೆ. "ಹೊರಟವರ ಹತ್ತಿರ ಎಲ್ಲಿಗೆ ಅಂತ ಕೇಳುದುಂಟಾ? ಹೋಗುವ ಕೆಲಸ ಕೆಟ್ಟುಹೋಗ್ತದೆ. ಎಂತ ಪಾಠ ಮಾರಾಯ್ತಿ ನಿಂದು!" ಪುಸ್ತಕದಲ್ಲಿ ಇರುವುದೇ ಹಾಗೆ ಅಂದರೆ ಒಪ್ಪಲಿಲ್ಲ. ಕೊನೆಗೆ ಅದನ್ನು ಬಿಟ್ಟು "ವೆನ್ ವಿಲ್ ಯು ಕಮ್ ಬ್ಯಾಕ್" ಕಲಿಸಿದೆ. ಅದು ನಿನಗೆ ಎಷ್ಟು ಹಿಡಿಸಿತು ಅಂದರೆ, ಕೋಣೆ ಖಾಲಿ ಮಾಡಿ ಮೆಟ್ಟಿಲು ಇಳಿಯುವ ಪ್ರತಿಯೊಬ್ಬರನ್ನೂ ಕೇಳತೊಡಗಿದೆ. ಉತ್ತರ ಹೇಳುವುದನ್ನೂ ಕಲಿ ಅಂದರೆ ಮಾತ್ರ ಕೈ ಕೊಡವಿದೆ. "ಉತ್ತರ ಹೇಳುದು ಅವರ ಕೆಲಸ. ನಂಗೆ ಕೇಳ್ಲಿಕ್ಕೆ ಬಂದ್ರೆ ಸಾಕು."

ಪಲ್ಲವಿ ಮನೆ ಬಿಟ್ಟು ಹೋದದ್ದೂ ಒಂದು ಭಾನುವಾರವೇ. ನಿನ್ನ ಒಬ್ಬಳೇ ಮಗಳು, ಅರಂತೋಡಿನ ಹೋಟೆಲಿನ ಹುಡುಗನನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿದವಳು, ಚೀಲ ಹೆಗಲಿಗೆ ಹಾಕಿಕೊಂಡು ಲಾಡ್ಜಿಗೇ ಬಂದು ಹೇಳಿ ಹೊರಟಳು. ಕೌಂಟರಿನ ಎದುರು ಜನ ನಿಂತಿದ್ದರು. ಅವರ ಮುಂದೆ ನೀನು ಅಳುವ ಹಾಗಿಲ್ಲ, ಬೈಯುವ ಹಾಗಿಲ್ಲ. ಅವಳು ಕೊನೆಯ ಮೆಟ್ಟಿಲಲ್ಲಿದ್ದಾಗ ಯಾರೋ ಅತಿಥಿಯನ್ನು ಕೇಳುವ ಹಾಗೆ ಕೇಳಿದೆ, "ವೆನ್ ವಿಲ್ ಯು ಕಮ್ ಬ್ಯಾಕ್?" ಅವಳ ಕಾಲು ಒಂದು ಗಳಿಗೆ ನಿಂತಿತು. ತಿರುಗುತ್ತಾಳೆ ಅಂದುಕೊಂಡೆ. ತಿರುಗಲಿಲ್ಲ. ಸುಳ್ಯದಲ್ಲಿ ಬಸ್ಸು ಬದಲಿಸಿದರೆ ಅರಂತೋಡು, ದೂರವೇನಲ್ಲ. ಆದರೂ ನೀನು ಹೋಗಲಿಲ್ಲ, ಅವಳು ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅದೇ ಕೌಂಟರಿನ ಮೇಲೆ ತಲೆ ಇಟ್ಟು ನೀನು... ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಪಲ್ಲವಿ ನಿನ್ನ ಚಿತೆಯ ಹತ್ತಿರ ಬಂದಿದ್ದಳು. ಲಾಡ್ಜಿನ ಮೆಟ್ಟಿಲು ಮಾತ್ರ ಹತ್ತಲಿಲ್ಲ.

ಲಾಡ್ಜಿನ ಯಜಮಾನರು ನನಗೆ ಫೋನು ಮಾಡಿದ್ದು ನಿನ್ನ ಎಲ್ಲ ಕಾರ್ಯ ಮುಗಿದು ಸುಮಾರು ಸಮಯವಾದ ಮೇಲೆ. "ಟೀಚರೇ, ಒಮ್ಮೆ ಬಂದು ಹೋಗಿ. ಜನ ಹೆದರ್ತಾ ಇಲ್ಲ. ನಂಗೆ ಹೆದರಿಕೆ ಆಗುದೇ ಅದಕ್ಕೆ." ಹೋದೆ. ಕೋಣೆ ಬಿಟ್ಟು ಹೋಗುವ ಹುಡುಗಿಯರು, ಹುಡುಗಿಯರು ಮಾತ್ರ, ನಿಮ್ಮ ಅಮ್ಮ ತುಂಬ ಪ್ರೀತಿಯವರು ಅಂತ ಯಜಮಾನರ ಹತ್ತಿರ ಹೇಳಿ ಹೋಗುತ್ತಿದ್ದರಂತೆ. ಯಾವ ಅಮ್ಮ? ಮೆಟ್ಟಿಲ ಹತ್ತಿರ ನಿಂತು ಯಾವಾಗ ವಾಪಸು ಬರ್ತೀರಿ ಅಂತ ಕೇಳುವವರು. ಯಜಮಾನರು ಕ್ಯಾಮೆರಾದ ಚಿತ್ರ ಹಾಕಿ ತೋರಿಸಿದರು. ಒಳ್ಳೆ ಹಗಲು, ಬಿಸಿಲು. ಒಬ್ಬಳು ಹುಡುಗಿ ಚೀಲ ಹೊತ್ತು ಇಳಿಯುತ್ತಾಳೆ, ಕೊನೆಯ ಮೆಟ್ಟಿಲಲ್ಲಿ ನಿಲ್ಲುತ್ತಾಳೆ, ಹಿಂದೆ ತಿರುಗಿ ಖಾಲಿ ಜಾಗಕ್ಕೆ ನಗುತ್ತಾಳೆ, ಏನೋ ಹೇಳುತ್ತಾಳೆ. ಬೇರೆ ದಿನ ಬೇರೆ ಹುಡುಗಿ. ಅದೇ ಮೆಟ್ಟಿಲು. ಅದೇ ಕಡೆಗೆ ತಿರುಗಿದ ಮುಖ. ಇನ್ನೊಮ್ಮೆ ಹಾಕಿಸಿ ನೋಡಿದೆ ಅಕ್ಕಾ. ನಿನ್ನ ಎತ್ತರಕ್ಕೆ ಸರಿಯಾಗಿ ಅವರು ಕಣ್ಣು ಎತ್ತುತ್ತಿದ್ದರು.

ದೀಪಾವಳಿಗೆ ತೀರಿಹೋದವರಿಗೆ ಎಲೆ ಹಾಕುವಾಗ ನಿನಗೂ ಬಡಿಸಿದೆವು. ನಿನಗಿಷ್ಟದ ಕೋಳಿ ಸಾರು, ನೀರುದೋಸೆ. ಕ್ರಮದಂತೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ನಾನು ಬಾಗಿಲಿಗೆ ಬಾಯಿ ಇಟ್ಟು ಮೆಲ್ಲಗೆ ಕೇಳಿದೆ, "ಅಕ್ಕಾ, ವಾಟ್ ಡು ಯು ವಾಂಟ್?" ಒಳಗೆ ಎಲೆ ಸರಿದ ಸದ್ದಾಯಿತು. ಅಷ್ಟೇ. ಇನ್ನೊಮ್ಮೆ ಕೇಳಿದೆ. ಇಲ್ಲ. ಆಗ ನೆನಪಾಯಿತು, ನಿನಗೆ ಕೇಳಲು ಬರುತ್ತದೆ, ಉತ್ತರ ಹೇಳಲು ಬರುವುದಿಲ್ಲ. ಆದರೆ ಉತ್ತರ ನನಗೆ ಗೊತ್ತಿರಲಿಲ್ಲವಾ? ಚೀಲ ಹೊತ್ತ ಹುಡುಗಿಯರನ್ನು ಮಾತ್ರ ನಿಲ್ಲಿಸುವವಳಿಗೆ ಯಾರು ಬೇಕು ಅಂತ ಇನ್ನೊಬ್ಬರು ಹೇಳಬೇಕಾ?

ಯಜಮಾನರು ಅಷ್ಟರಲ್ಲಿ ತಂತ್ರಿಗಳ ಹತ್ತಿರ ಮಾತಾಡಿ ಉಚ್ಚಾಟನೆಗೆ ದಿನ ಗೊತ್ತು ಮಾಡಿದ್ದರು. ನನಗೆ ಸಿಟ್ಟು ಬಂತು. ನಿನ್ನನ್ನು ಮಂತ್ರ ಹಾಕಿ ಅಟ್ಟಿದರೆ ಆ ಪ್ರಶ್ನೆ ಬಾಯಲ್ಲಿಟ್ಟುಕೊಂಡೇ ನೀನು ಹೋಗಬೇಕಲ್ಲ, ಉತ್ತರ ಸಿಗದೆ, ಇನ್ನು ಯಾವತ್ತೂ ಸಿಗದೆ. "ಅದಕ್ಕೆ ಮೊದಲು ನಂಗೊಂದು ದಿನ ಕೊಡಿ" ಅಂತ ಅವರ ಹತ್ತಿರ ಬೇಡಿಕೊಂಡು ಅರಂತೋಡಿಗೆ ಹೋದೆ. ಪಲ್ಲವಿ ಹೋಟೆಲಿನ ಹಿಂದೆ ತೆಂಗಿನಕಾಯಿ ತುರಿಯುತ್ತಿದ್ದಳು. ಎಲ್ಲ ಹೇಳಿದೆ. "ನೀವು ಟೀಚರು, ಚಿಕ್ಕಮ್ಮ, ಇದನ್ನೆಲ್ಲ ನಂಬುದಾ?" ಅಂದಳು. ಸ್ವಲ್ಪ ಹೊತ್ತು ತುರಿದಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು, "ಕೊನೆಯ ಮೆಟ್ಟಿಲಾ?"

ನಿನ್ನೆ ಅವಳನ್ನು ಲಾಡ್ಜಿಗೆ ಕರೆದುಕೊಂಡು ಬಂದೆ. ಅದೇ ಹಳೆಯ ಚೀಲ ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಿದಳು, ಕೌಂಟರು ಮುಟ್ಟಿದಳು, ಇಳಿದಳು. ನಾನು ನನ್ನ ಸ್ಟೂಲಿನಲ್ಲಿ ಕೂತಿದ್ದೆ. ನನಗೇನೂ ಕೇಳಿಸಲಿಲ್ಲ ಅಕ್ಕಾ, ದೇವರಾಣೆ. ಆದರೆ ಅವಳು ಕೊನೆಯ ಮೆಟ್ಟಿಲಲ್ಲಿ ನಿಂತಳು. ಈ ಸಲ ತಿರುಗಿದಳು. ಕಣ್ಣು ನಿನ್ನ ಎತ್ತರಕ್ಕೆ ಏರಿತು. "ಬಂದೆ ಅಮ್ಮ. ಇವತ್ತೇ ಬಂದೆ" ಅಂದಳು. ಬಿಕ್ಕಿ ಬಿಕ್ಕಿ ಅತ್ತಳು. ಕೌಂಟರಿನ ಗೂಟದಲ್ಲಿ ತೂಗಿದ ಕೀಗಳೆಲ್ಲ ಗಾಳಿಯಿಲ್ಲದೆ ಒಮ್ಮೆ ಅಲುಗಿ ಸುಮ್ಮನಾದವು. ಪಲ್ಲವಿಯ ನೋಟ ನಿಧಾನಕ್ಕೆ ಮೆಟ್ಟಿಲಿಂದ ಬೀದಿಗೆ ಹೋಯಿತು, ಯಾರನ್ನೋ ಕಳಿಸಿಕೊಡುವವರ ಹಾಗೆ. "ಅಮ್ಮ, ಎಲ್ಲಿಗೆ..." ಅಂತ ಬಾಯಿ ತೆರೆದವಳು ತಟ್ಟನೆ ಕೈ ಅಡ್ಡ ಇಟ್ಟುಕೊಂಡಳು. ಹೊರಟವರನ್ನು ಹಾಗೆ ಕೇಳಬಾರದಲ್ಲ. ಮತ್ತೆ, ನೀನು ಕೇಳುತ್ತಿದ್ದ ಹಾಗೆಯೇ, "ವೆನ್ ವಿಲ್ ಯು ಕಮ್ ಬ್ಯಾಕ್?"

ಬೀದಿಯ ಕಡೆಗೆ ಕಿವಿ ಕೊಟ್ಟಳು. ಆಮೇಲೆ ಶಾಲಿನ ಒಳಗೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದಳು. "ಬಿಸು ಹಬ್ಬ ಕಳೆದ ಮೇಲೆ ಅಂತೆ, ಚಿಕ್ಕಮ್ಮ. ಏಪ್ರಿಲ್ ಕೊನೆಗೆ." ಅವಳು ಬಸುರಿ ಅಂತ ನನಗೆ ಗೊತ್ತಾದದ್ದೇ ಆಗ. ಹಾಗಂತ ಹೇಳಿದ್ದು ಡಾಕ್ಟರೋ, ಬೇರೆ ಯಾರೋ, ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಯಜಮಾನರು ಫೋನು ಮಾಡಿದರು. ಹುಡುಗಿಯರು ಸೀದಾ ಇಳಿದು ಹೋಗುತ್ತಿದ್ದಾರಂತೆ, ಯಾರೂ ನಿಲ್ಲುತ್ತಿಲ್ಲವಂತೆ. ತಂತ್ರಿಗಳಿಗೆ ಬೇಡ ಅಂತ ಹೇಳಿದ್ದಾರೆ. ಬಿಸು ಕಳೆದ ಮೇಲೆ ನಾನು ಅರಂತೋಡಿನಲ್ಲೇ ಇರುತ್ತೇನೆ. ನೀನು ಬಾ, ಅಕ್ಕಾ. ಈ ಸಲ ಮೊದಲು ಉತ್ತರ ಹೇಳುವುದನ್ನು ಕಲಿಸುತ್ತೇನೆ.

ನಿನ್ನ
ಸರೂ