ಅಳತೆಯ ಬ್ಲೌಸು

ಅಕ್ಟೋಬರ್ 9, 2024. ಬೆಳಿಗ್ಗೆ 7.20, ಬಸ್ಸು

ಇವತ್ತೂ ಬೀದಿ ಪೂರ್ತಿ ಆಗಲಿಲ್ಲ. ಮನೆಯ ಸ್ಟಾಪಿನಿಂದ ಲ್ಯಾಬಿನ ಸ್ಟಾಪಿಗೆ ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಆರ್.ಟಿ. ನಗರದ ಅಣ್ಣನ ಮನೆ ಗೇಟಿನಿಂದ ಹೊರಟು, ಎಡಗಡೆಯ ಅಂಗಡಿಗಳನ್ನು ಒಂದೊಂದಾಗಿ ದಾಟಿ, ಸಬಾಳ ಟೈಲರ್ ಅಂಗಡಿ ಮುಟ್ಟಬೇಕು. ತಲೆಯೊಳಗೇ. ಯಾವ ಅಂಗಡಿಯನ್ನೂ ಹಾರಿಸುವಂತಿಲ್ಲ. ಗಿರಣಿ. ಝೆರಾಕ್ಸ್. ಕಾಂಡಿಮೆಂಟ್ಸ್ — ಕೋಡುಬಳೆಯ ಗಾಜಿನ ಭರಣಿ, ಮುಚ್ಚಳದ ಮೇಲೆ ಎಣ್ಣೆಯ ಜಿಡ್ಡು. ಬಳೆ ಅಂಗಡಿ. ಅದಾದ ಮೇಲೆ ಇನ್ನೊಂದಿದೆ, ನೀಲಿ ಶಟರ್. ಒಳಗೆ ಏನು ಮಾರುತ್ತಿದ್ದರು? ಮೂರು ದಿನದಿಂದ ಅಲ್ಲೇ ನಿಂತಿದ್ದೇನೆ.

ನೆದರ್ಲೆಂಡ್ಸಿನ ಈ ಉಟ್ರೆಕ್ಟಿಗೆ ಬಂದು ಮೂರೂವರೆ ವರ್ಷ. ಇಲ್ಲಿಯ ಅಂಗಡಿಗಳನ್ನು ಹೀಗೆ ಹೇಳು ಎಂದರೆ ನಾಲ್ಕಕ್ಕೆ ನಿಲ್ಲುತ್ತೇನೆ. ಬ್ರೆಡ್ಡು ಕೊಡುವ ಹೆಂಗಸು ದಿನಾ ಗುಡ್ ಮಾರ್ನಿಂಗ್ ಅನ್ನುತ್ತಾಳೆ. ದಿನಾ ಮೊದಲ ಸಲದ ಹಾಗೆ.

ಅಕ್ಟೋಬರ್ 10

ಅಣ್ಣನ ಹೆಂಡತಿ, ವೈನಿಯ ವಾಯ್ಸ್ ಮೆಸೇಜು, ಆರು ನಿಮಿಷ. ಮಗಳು ಐಶ್ವರ್ಯಳ ಮದುವೆ ಡಿಸೆಂಬರ್ ಐದಕ್ಕೆ ನಿಶ್ಚಯ. ಅಣ್ಣ ರಜೆ ಹಾಕಿದ್ದಾನಂತೆ, ಮಂಟಪ ಯಲಹಂಕದಲ್ಲಿ. ಅತ್ತೆ ಅಂತ ಇರುವವಳು ನಾನೊಬ್ಬಳೇ, ಬರದಿದ್ದರೆ ನಡೆಯುವುದಿಲ್ಲ. ನನಗೆ ಇಳಕಲ್ ಸೀರೆ ತೆಗೆದಿಟ್ಟಿದ್ದಾರೆ. ಬ್ಲೌಸಿನ ಚಿಂತೆ ಬೇಡವಂತೆ. "ನಿನ್ನ ಅಳತಿ ಬ್ಲೌಸು ಸಬಾನ ಹತ್ರನ ಐತಲ್ಲ."

ಹೌದು, ಅಲ್ಲೇ ಇದೆ. ಹೊರಡುವ ಗಡಿಬಿಡಿಯಲ್ಲಿ ವಾಪಸು ತರಲಿಲ್ಲ.

ನೀಲಿ ಶಟರು ಯಾವುದೆಂದು ಕೇಳಿದೆ. ಛತ್ರಿ, ಚೈನು ರಿಪೇರಿ ಮಾಡುತ್ತಿದ್ದವನದು. ಈಗ ಅಲ್ಲಿ ಮೊಮೊ.

ಅಕ್ಟೋಬರ್ 13, ಭಾನುವಾರ

ಎದೆಯ ಆಪರೇಷನ್ ಆಗಿ ಇವತ್ತಿಗೆ ಹದಿನಾಲ್ಕು ತಿಂಗಳು. ಎಡಗಡೆಯದು ಪೂರ್ತಿ ತೆಗೆದರು, ಕಂಕುಳಿನ ಗಂಟುಗಳನ್ನೂ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೊದಲು, ರಿಪೋರ್ಟು ಬರಲಿ ಅಂದುಕೊಂಡೆ. ಆಮೇಲೆ, ಮುಗಿಯಲಿ ಅಂತ. ಮುಗಿದ ಮೇಲೆ ಯಾವ ಮಾತಿನಿಂದ ಶುರು ಮಾಡುವುದು ಗೊತ್ತಾಗಲಿಲ್ಲ. ಅವ್ವನಿಗೆ ಎಪ್ಪತ್ತಾರು. ಫೋನಿನಲ್ಲಿ ಹೇಳುವ ಸುದ್ದಿಯಲ್ಲ... ಇದೂ ನೆಪವೇ.

ಆಸ್ಪತ್ರೆಯವರು ಒಂದು ಅಂಗಡಿಗೆ ಕಳಿಸಿದ್ದರು. ಬ್ರಾ, ಅದರೊಳಗಿಡುವ ಸಿಲಿಕಾನಿನದು, ಎಲ್ಲ ಅಲ್ಲೇ. ಅಂಗಡಿಯವಳು ಬಾಗಿಲು ಹಾಕಿ, ಪರದೆ ಎಳೆದು, ಪಿಸುಮಾತಿನಲ್ಲಿ ಅಳತೆ ತೆಗೆದುಕೊಂಡಳು. ಬಹಳ ಮರ್ಯಾದೆ. ಹೊರಗೆ ಬಂದಾಗ ಯಾರೂ ನನ್ನ ಕಡೆ ನೋಡಲಿಲ್ಲ. ನೋಡದಿರುವುದಕ್ಕೂ ತರಬೇತಿ ಇದ್ದ ಹಾಗಿತ್ತು.

ಸಬಾ ಹಾಗಲ್ಲ. ಟೇಪು ಹಿಡಿದು ಕೂಗುತ್ತಾಳೆ. ಅವಳ ತಮ್ಮ ಜೀಷಾನ್ ಪರದೆಯ ಆಚೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಎದೆ ಮೂವತ್ತಾರು. ಉದ್ದ ಹದಿನಾಲ್ಕೂವರೆ. ಬೆಂಚಿನ ಮೇಲಿದ್ದ ಹೆಂಗಸರೆಲ್ಲರಿಗೂ ನನ್ನ ಅಳತೆ ಗೊತ್ತು, ನನಗೆ ಅವರದು. ಆಗ ಮೈ ಹಿಡಿಯಾಗುತ್ತಿತ್ತು. ಇಲ್ಲಿ ಎಷ್ಟೋ ಸಲ, ಟ್ರಯಲ್ ರೂಮಿನ ಕನ್ನಡಿಯೆದುರು, ಆ ಕೂಗು ಬೇಕೆನಿಸಿದೆ.

ಈಗ ಬೇಡ. ಟಿಕೆಟ್ ಬುಕ್ ಮಾಡಿದೆ.

ನವೆಂಬರ್ 23, ಆರ್.ಟಿ. ನಗರ

ಏರ್‌ಪೋರ್ಟಿಗೆ ಅಣ್ಣ ಬಂದಿದ್ದ. ಹೆಬ್ಬಾಳದ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ. ಕೆಳಗೆ ನಾನು ಹನ್ನೊಂದು ವರ್ಷ ಹಾಲು ಪರೀಕ್ಷೆ ಮಾಡಿದ ವೆಟರ್ನರಿ ಕಾಲೇಜಿನ ಮರಗಳು. ಅಣ್ಣ ಮದುವೆಯ ಅಡುಗೆಯವನ ಬಗ್ಗೆ ಮಾತಾಡಿದ. ಹೂಂ ಅಂದೆ.

ಅವ್ವ ಮುಖ ಸವರಿ ನೋಡಿದಳು. ಸೊರಗಿದ್ದೇನೆ ಅಂದಳು. ಎಣ್ಣೆ ಕಾಯಿಸಿ ಇಟ್ಟಿದ್ದಳು. ಯಾವಾಗ ಬಂದರೂ ಮೊದಲ ದಿನ ತಲೆಗೆರೆದು ಬೆನ್ನು ತಿಕ್ಕುವುದು ಅವಳದೇ ಕೆಲಸ. ನಾನೇ ಮಾಡಿಕೊಳ್ಳುತ್ತೇನೆ ಅಂದೆ. ಬಚ್ಚಲಿನ ಚಿಲಕ ಹಾಕಿದೆ. ಹೊರಗೆ ಸ್ವಲ್ಪ ಹೊತ್ತು ಅವಳು ನಿಂತಿದ್ದಳು.

"ಚಿಲಕ ಯಾಕ ಹಾಕ್ಕೊಂಡಿ?"

ನೀರು ಜೋರಾಗಿ ಬಿಟ್ಟೆ.

ನವೆಂಬರ್ 24

ಬೀದಿ ನಡೆದೆ. ಗಿರಣಿ ಇದೆ. ಗಿರಣಿಯವನು ಏನ್ ಮೇಡಂ ಕಾಣ್ಲೇ ಇಲ್ಲ ಅಂದ, ಹೋದ ವಾರ ಬಂದವಳನ್ನು ಕೇಳುವ ಹಾಗೆ. ಕಾಂಡಿಮೆಂಟ್ಸಿನಲ್ಲಿ ಭರಣಿಗಳು ಹೋಗಿ ಪ್ಲಾಸ್ಟಿಕ್ ಡಬ್ಬಿ ಬಂದಿವೆ, ಕೋಡುಬಳೆ ಅದೇ. ಬಳೆ ಅಂಗಡಿಯವಳು ನನ್ನ ಕೈ ಹಿಡಿದೊಡನೆ ಸೈಜು ಎರಡು-ಆರು ಅಂದಳು, ಸರಿಯಾಗಿ. ಎಡಗೈಗೆ ಆ ಬಳೆ ಏರಲಿಲ್ಲ. ಬಾತಿದೆಯಲ್ಲ ಅಂದಳು. ಕಂಕುಳಿನ ಗಂಟು ತೆಗೆದಾಗಿನಿಂದ ಹೀಗೆಯೇ. ಉಳುಕು ಅಂದೆ.

ಸಬಾಳ ಅಂಗಡಿ ದಾಟಿದೆ. ಆಚೆ ಫುಟ್‌ಪಾತಿನಿಂದ. ಮಿಷನ್ನಿನ ಸದ್ದು ಕೇಳಿತು. ಕೂಗೂ.

ನವೆಂಬರ್ 26

ಮಧ್ಯಾಹ್ನ ಮಲಗಿ ಎದ್ದಾಗ ವೈನಿ ಆಗಲೇ ಸೀರೆ, ಬ್ಲೌಸ್ ಪೀಸು ಸಬಾಗೆ ಕೊಟ್ಟು ಬಂದಿದ್ದರು. ನಾನು ದಣಿದಿದ್ದೇನೆ, ಅಂಗಡಿಗೆ ಅಲೆಯುವುದು ಬೇಡ ಅಂತ. ಹಳೆಯ ಅಳತೆ ಬ್ಲೌಸು ತಕ್ಷಣ ಸಿಕ್ಕಿತಂತೆ. ಗೋಣಿಚೀಲದ ತಳದಲ್ಲಿ, ಎಮ್ಮೆ ಡಾಕ್ಟರ್ ಅಂತ ಚೀಟಿ ಹೊಲಿದಿತ್ತಂತೆ. ಸಬಾಗೆ ನಾನು ಯಾವತ್ತೂ ಎಮ್ಮೆ ಡಾಕ್ಟರೇ. ನಾನು ಡಾಕ್ಟರಲ್ಲ, ಬರೀ ಹಾಲು ನೋಡುವವಳು ಅಂತ ಎಷ್ಟು ಸಲ ಹೇಳಿದರೂ.

ಮೂರೂವರೆ ವರ್ಷ ಇಟ್ಟುಕೊಂಡಿದ್ದಳು. ಎಸೆಯಬಹುದಿತ್ತು.

ಖುಷಿಯೇ ಆಯಿತು, ಮೊದಲು. ಅಂಗಡಿಗೆ ಹೋಗುವುದು ತಪ್ಪಿತಲ್ಲ ಅಂತ.

ನವೆಂಬರ್ 30

ಬ್ಲೌಸು ಬಂತು. ವೈನಿ, ಐಶ್ವರ್ಯ ಇಬ್ಬರೂ ಮಂಚದ ಮೇಲೆ ಕೂತು, ಹಾಕಿ ತೋರಿಸು ಅಂದರು. ಬಚ್ಚಲಿಗೆ ಹೋಗಿ ಹಾಕಿಕೊಂಡೆ. ಬಲಗೈ ಸಲೀಸು. ಎಡತೋಳು ಮೊಣಕೈ ದಾಟಿ ನಿಂತುಬಿಟ್ಟಿತು. ಎಳೆದರೆ ಹೊಲಿಗೆ ಚಟ್ ಅನ್ನುತ್ತದೆ. ಕೊರಳು ಹಳೆಯ ಆಳ. ಒಳಗಿನ ಅಗಲವಾದ ಬ್ರಾ ಎರಡು ಬೆರಳು ಹೊರಗೆ ಕಾಣುತ್ತದೆ. ಕನ್ನಡಿಯಲ್ಲಿ ಹಿಂದಿನಿಂದಲೂ ನೋಡಿಕೊಂಡೆ. ಕಂಕುಳ ಕೆಳಗಿನ ಆಪರೇಷನ್ ಗೆರೆ ಬೆನ್ನಿನ ಕಡೆ ಒಂದಿಷ್ಟು ತಿರುಗಿದೆ. ಬಟ್ಟೆ ಬಿಚ್ಚಿದ ಬೆನ್ನನ್ನು ನೋಡಿದವರಿಗೆ ಗೊತ್ತಾಗದೆ ಇರದು.

ಹೊರಗೆ ಬಂದು ಟೈಟು ಅಂದೆ. ಐಶ್ವರ್ಯ ನಕ್ಕಳು. "ಅಲ್ಲಿ ಚೀಸ್ ಜಾಸ್ತಿ ತಿಂದಿರಬೇಕು, ಅತ್ತೆ." ವೈನಿ, ನಾಳೆ ನಾನೇ ಕೊಟ್ಟು ಬಿಡಿಸಿ ತರ್ತೀನಿ ಅಂದರು. ಬೇಡ, ನಾನೇ ಹೋಗ್ತೀನಿ — ಬಾಯಿಂದ ಬಂದುಬಿಟ್ಟಿತು.

ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಊಟದ ಹೊತ್ತಿಗೆ ನನ್ನ ಎಡಗೈಯನ್ನೇ ನೋಡಿದಳು. ರೊಟ್ಟಿ ಮುರಿದು ತಟ್ಟೆಗೆ ಹಾಕಿದಳು, ಚಿಕ್ಕವಳಿಗೆ ಹಾಕುವ ಹಾಗೆ.

ಡಿಸೆಂಬರ್ 2. ಸಂಜೆ

ಹೋಗಿದ್ದೆ.

ಹನ್ನೊಂದು ಗಂಟೆಗೆ. ಬೆಂಚಿನ ಮೇಲೆ ಮೂವರು. ಮದುವೆ ಸೀಸನ್, ಗೋಡೆಯ ಮೊಳೆಗಳಲ್ಲಿ ಬ್ಲೌಸು ಜೋತಾಡುತ್ತಿದ್ದವು. ಸಬಾಳ ಮುಂಗೂದಲು ನರೆತಿದೆ. ಮಿಷನ್ ನಿಲ್ಲಿಸಲಿಲ್ಲ.

"ಬಂದ್ರಾ, ಎಮ್ಮೆ ಡಾಕ್ಟ್ರು. ಮೂರು ಸಲ ಆಚೆ ಫುಟ್‌ಪಾತಲ್ಲಿ ಹೋದ್ರಿ. ನೋಡ್ದೆ. ಸಾಲ ಕೊಡ್ಬೇಕಾದೋರ ತರ ಯಾಕ್ ಓಡ್ತಾರೆ ಇವ್ರು ಅಂದ್ಕೊಂಡೆ."

ತೋಳು ಟೈಟು ಅಂದೆ. ಬಿಚ್ಚಿ ಕೊಟ್ಟರೆ ಸಾಕು. ಅವಳು ಬ್ಲೌಸು ತಿರುವಿ ನೋಡಿದಳು. ಹಳೆಯ ಅಳತೆಗೆ ಸರಿಯಾಗಿಯೇ ಇದೆ, ತಪ್ಪು ಹೊಲಿದಿಲ್ಲ, ಹೊಸದಾಗಿ ಅಳೆಯಬೇಕು ಅಂದಳು. ಜೀಷಾನ್ ಆಗಲೇ ನೋಟ್‌ಬುಕ್ ತೆರೆದು, ನನ್ನ ಹೆಸರು ಬರೆದು, ಪೆನ್ನು ಹಿಡಿದು ಕೂತಿದ್ದ.

ಪರದೆಯ ಒಳಗೆ ಅದೇ ಕನ್ನಡಿ, ಅದೇ ಒಡೆದ ಮೂಲೆ. ಭುಜ ಹದಿನಾಲ್ಕು, ಅವಳು ಕೂಗಿದಳು. ಉದ್ದ ಹದಿನಾಲ್ಕೂವರೆ. ಆಚೆಯಿಂದ ಜೀಷಾನ್ ಹೂಂ, ಹೂಂ ಅನ್ನುತ್ತಿದ್ದ. ಟೇಪು ಬೆನ್ನು ಸುತ್ತಿ ಮುಂದೆ ಬಂತು. ನಾನು ಕನ್ನಡಿಯ ಒಡೆದ ಮೂಲೆ ನೋಡುತ್ತಿದ್ದೆ. ಎಡಗಡೆ ಅವಳ ಬೆರಳು ನಿಂತವು. ಸಿಲಿಕಾನು ಕೈಗೆ ಬೇರೆಯೇ ತಿಳಿಯುತ್ತದೆ. ಇಪ್ಪತ್ತು ವರ್ಷದಿಂದ ಹೆಂಗಸರನ್ನು ಅಳೆದ ಕೈಗೆ ತಿಳಿಯದೆ ಇರುತ್ತದೆಯೆ.

ಎದೆ ಎಷ್ಟು, ಜೀಷಾನ್ ಕೇಳಿದ.

"ಚಾಯ್ ತಗೊಂಬಾ, ಹೋಗು."

ಈಗ ತಾನೆ ಕುಡಿದದ್ದು ಅಂದ.

"ಅಕ್ಕ ಬಂದಿದಾರೆ ಫಾರಿನ್ನಿಂದ. ನೋಟ್‌ಬುಕ್ ಇಲ್ಲಿಟ್ಟು ಹೋಗು. ಶುಂಠಿ ಹಾಕ್ಸು."

ಅವನು ಹೋದ. ಅವಳು ಅಳತೆ ಕೂಗಲಿಲ್ಲ. ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಲೈನಿಂಗ್ ತುಂಡಿನ ಮೇಲೆ ತಾನೇ ಬರೆದುಕೊಂಡಳು. ಎಡ ತೋಳನ್ನು ಮೂರು ಕಡೆ ಅಳೆದಳು. ಕೈ ಎತ್ತಿ ಅಂದಳು. ಎಷ್ಟು ಏರುತ್ತದೆ ನೋಡಿ, ಸಾಕು ಅಂದಳು.

"ಆಪರೇಷನ್ನಾ?"

"ಹೂಂ."

"ಮನೇಲಿ?"

ಇಲ್ಲವೆಂದು ತಲೆಯಾಡಿಸಿದೆ.

ಮುಖ ಬದಲಾಗಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು — ಈ ಬೀದಿಯಲ್ಲೇ ಇನ್ನಿಬ್ಬರಿಗೆ ಹೊಲಿಯುತ್ತಾಳಂತೆ, ಹೆಸರು ಹೇಳುವುದಿಲ್ಲವಂತೆ. ಲೈನಿಂಗಿನಲ್ಲಿ ಒಂದು ಜೇಬು ಇಟ್ಟು ಸಿಲಿಕಾನನ್ನು ಅದರೊಳಗೇ ಕೂರಿಸಿದರೆ ಆ ಬಿಗಿ ಬ್ರಾ ಬೇಡ. ಕೊರಳು ಒಂದಿಂಚು ಮೇಲೆ. ಎಡತೋಳು ಮುಕ್ಕಾಲು ಇಂಚು ಜಾಸ್ತಿ, ಬಾರ್ಡರ್ ಒಳಗೆ ಮಡಚಿದರೆ ಎರಡೂ ಒಂದೇ ಕಾಣುತ್ತವೆ. ಇಷ್ಟನ್ನೂ ಜಿಪ್ಪು ಬದಲಿಸುವ ಧಾಟಿಯಲ್ಲೇ.

"ಹುಕ್ಕು? ಯಾವತ್ತೂ ಹಿಂದೆ ಇಡ್ತಿದ್ವಿ. ಈ ಕೈ ಹಿಂದಕ್ಕೆ ಹೋಗಲ್ಲ ನಿಮ್ದು. ಮುಂದೆ ಇಟ್ಬಿಡ್ಲಾ? ನೀವೇ ಹಾಕ್ಕೋಬಹ್ದು. ಯಾರೂ ಬೇಡ."

ಯಾರೂ ಬೇಡ. ಸರಿಯಾದ ಮಾತು. ಉಟ್ರೆಕ್ಟಿನಲ್ಲಿ ನನ್ನ ಎಲ್ಲ ಬಟ್ಟೆಗಳೂ ಮುಂದೆಯೇ ಗುಂಡಿ ಹಾಕುವಂಥವು. ಹುಡುಕಿ ಹುಡುಕಿ ತಂದವು.

"ಹಿಂದೆ," ಅಂದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಹಾಕೋರು ಬೇಕಾಗುತ್ತೆ, ಅಕ್ಕ."

"ಗೊತ್ತು."

ಅಷ್ಟರಲ್ಲಿ ಜೀಷಾನ್ ಟೀ ತಂದಿದ್ದ. ಸಬಾ ಪರದೆ ಸರಿಸದೆ, ಮೊದಲಿನ ಕಂಠದಲ್ಲೇ ಕೂಗಿದಳು. "ಬರ್ಕೋ. ಹುಕ್ಕು ಹಿಂದೆ. ಐದು."

ಹುಕ್ಕು ಹಿಂದೆ, ಐದು, ಅವನು ಹೇಳಿಕೊಂಡು ಬರೆದ. ಬೆಂಚಿನವರು ಕೇಳಿಸಿಕೊಂಡರು. ಒಬ್ಬಳು, ನನಗೂ ಹಿಂದೆ ಇಡಮ್ಮ ಅಂದಳು.

ಟೀಯಲ್ಲಿ ಶುಂಠಿ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಡಿಸೆಂಬರ್ 3

ಯಾಕೆ ಹಾಗೆ ಹೇಳಿದೆ? ಫೋನ್ ಮಾಡಿ ಮುಂದಕ್ಕೆ ಇಡು ಅನ್ನಬಹುದು. ನಂಬರ್ ತೆಗೆದೆ, ಎರಡು ಸಲ. ಇವತ್ತು ಸಂಜೆಯೊಳಗೆ ಹೊಲಿದುಬಿಡುತ್ತಾಳೆ. ಆಮೇಲೆ ಹೇಳಿ ಪ್ರಯೋಜನವಿಲ್ಲ.

ಸಂಜೆ ಆಯಿತು.

ಡಿಸೆಂಬರ್ 4

ಬ್ಲೌಸು ತಂದೆ. ಸಬಾ ಅಂಗಡಿಯಲ್ಲಿರಲಿಲ್ಲ, ಜೀಷಾನ್ ಕೊಟ್ಟ. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿತ್ತು. ಜೊತೆಗೆ ಹಳೆಯ ಅಳತೆ ಬ್ಲೌಸು, ಇಸ್ತ್ರಿ ಮಾಡಿದ್ದು. ಅಕ್ಕನ ಹತ್ರನೇ ಇರ್ಲಿ ಅಂತ ಹೇಳಿದಾಳಂತೆ, ಹೊಸ ಅಳತೆ ತನ್ನ ಹತ್ತಿರ ಇದೆಯಂತೆ. ನೋಟ್‌ಬುಕ್ಕಿನ ಪುಟ ತೋರಿಸಿದ. ಎಮ್ಮೆ ಡಾಕ್ಟರ್, ಕೆಳಗೆ ಅಂಕಿಗಳು. ಎಲ್ಲರ ಪುಟದ ಹಾಗೆಯೇ ಇತ್ತು.

ಇನ್ನು ನಾನು ವಾಪಸು ಹೋದ ಮೇಲೂ ಆ ಪುಟ ಅಲ್ಲಿರುತ್ತೆ. ಬಸ್ಸಿನಲ್ಲಿ ಕೂತು ತಲೆಯೊಳಗೆ ನಡೆಯುವ ಬೀದಿ ಮುಗಿಯುವ ಕಡೆ.

ಮನೆ ತುಂಬ ಜನ. ವಿಜಯಪುರದಿಂದ ಅವ್ವನ ನಾದಿನಿ ಚನ್ನಕ್ಕ ಅತ್ತಿ ಬಂದಿದ್ದಾಳೆ. ನಾನು ಮಾಳಿಗೆಯ ಕೋಣೆಯಲ್ಲಿ. ಅವ್ವ ಮೊಣಕಾಲು ನೋವೆಂದು ಮೇಲೆ ಹತ್ತುವುದಿಲ್ಲ.

ಡಿಸೆಂಬರ್ 5. ಬೆಳಿಗ್ಗೆ 5.40

ಆರೂಕಾಲಿಗೆ ವ್ಯಾನು. ಸ್ನಾನ ಆಯಿತು. ಬ್ಲೌಸು ತೊಟ್ಟೆ. ತೋಳು ಏರಿತು, ಜೇಬಿನಲ್ಲಿ ಅದು ಸರಿಯಾಗಿ ಕೂತಿತು. ಬಲಗೈ ಹಿಂದೆ ತಂದು ಕೆಳಗಿನ ಹುಕ್ಕಿಗೆ ಪ್ರಯತ್ನಿಸಿದೆ. ಒಂದು ಬಿತ್ತು. ಉಳಿದ ನಾಲ್ಕು ಆಗುವುದಿಲ್ಲ. ಅದು ಮೊನ್ನೆಯೇ ಗೊತ್ತಿತ್ತು.

ಐಶ್ವರ್ಯಳನ್ನು ಕರೆಯಬಾರದು, ಇವತ್ತು ಅವಳ ದಿನ. ವೈನಿ ತಲೆ ಬಾಚಿಸಿಕೊಳ್ಳುತ್ತಿದ್ದಾರೆ. ಸೀರೆ ಹೊದ್ದು, ಮೆಟ್ಟಿಲ ತಲೆಗೆ ಹೋಗಿ ಅವ್ವಾ ಅಂದೆ. ಕೆಳಗೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಇನ್ನೊಂದು ಸಲ, ಕೂಗಿದೆ. ಹುಕ್ಕು ಹಾಕ್ಬೇಕು, ನೀನೇ ಬಾ.

ಮಾತು ನಿಂತಿತು. ಚನ್ನಕ್ಕ ಅತ್ತಿ, ನಾ ಹೊಕ್ಕೀನಿ ತಗೊ, ನಿನ್ನ ಮೊಣಕಾಲು ಅಂದದ್ದು ಕೇಳಿಸಿತು.

"ಬ್ಯಾಡ," ಅವ್ವನ ದನಿ. "ನನ್ನ ಕರ್ದಾಳ."

ಹತ್ತುತ್ತಿದ್ದಾಳೆ. ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಾಳೆ. ಹದಿನೆಂಟು ಮೆಟ್ಟಿಲು. ಅಷ್ಟರಲ್ಲಿ ಇಷ್ಟು ಬರೆದೆ. ಚಿಲಕ ತೆಗೆದಿಟ್ಟಿದ್ದೇನೆ. ಸೀರೆ ಮಂಚದ ಮೇಲಿದೆ. ದೀಪ ಹಾಕಿದೆ. ಬಾಗಿಲಿಗೆ ಬೆನ್ನು ಮಾಡಿ —